ಬೆಳಗಾಗುವಷ್ಟರಲ್ಲಿ ಇಳಿದುಹೋಗುವ ಸಾಕ್ಷ್ಯ

ಶನಿವಾರ ರಾತ್ರಿ ಹೆದ್ದಾರಿ ಬದಿಯಲ್ಲಿ ಪೊಲೀಸರು ಬೈಕ್ ನಿಲ್ಲಿಸಿ ಸವಾರರಿಂದ ಯಂತ್ರಕ್ಕೆ ಊದಿಸುವುದು ನಮಗೆ ಹೊಸ ದೃಶ್ಯವೇನಲ್ಲ. ಕೂಲಿ ಮುಗಿಸಿ ಬರುವವನೂ ಊದಬೇಕು, ಮೀನಿನ ಲಾರಿಯವನೂ ಊದಬೇಕು, ಮದುವೆ ಮನೆಯಿಂದ ಬಿರಿಯಾನಿ ತಿಂದು ಬರುವ ನಮ್ಮ ಹುಡುಗನೂ ಊದಬೇಕು. ಅದು ಸರಿಯಾದ ಕೆಲಸವೇ, ಅದರಲ್ಲಿ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ಸ್ಟೇರಿಂಗ್ ಹಿಡಿದವರು ದೊಡ್ಡ ಅಧಿಕಾರಿಯಾಗಿದ್ದರೆ, ಅಥವಾ ಖಾಕಿ ತೊಟ್ಟವರೇ ಆಗಿದ್ದರೆ ಆ ಯಂತ್ರ ಹೊರಗೆ ಬರುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ತಿರುವನಂತಪುರದ ಕೆ.ಎಂ. ಬಶೀರ್ ಪ್ರಕರಣವನ್ನು ಮತ್ತೊಮ್ಮೆ ನೋಡಬೇಕು. 'ಸಿರಾಜ್' ಮಲಯಾಳಂ ದೈನಿಕದ ತಿರುವನಂತಪುರ ಬ್ಯೂರೋ ಮುಖ್ಯಸ್ಥರಾಗಿದ್ದ ಬಶೀರ್‌ಗೆ ಆಗ 35 ವರ್ಷ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. 2019ರ ಆಗಸ್ಟ್ 3ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ, ಬೈಕ್‌ನಲ್ಲಿದ್ದ ಅವರಿಗೆ ಕಾರೊಂದು ಗುದ್ದಿತು. ಸ್ಥಳ ಮ್ಯೂಸಿಯಂ ಪೊಲೀಸ್ ಠಾಣೆಯ ಹತ್ತಿರವೇ. ಕಾರು ಓಡಿಸುತ್ತಿದ್ದವರು ಐಎಎಸ್ ಅಧಿಕಾರಿ ಶ್ರೀರಾಮ್ ವೆಂಕಿಟರಾಮನ್ ಎಂದು ದೋಷಾರೋಪ ಪಟ್ಟಿ ಹೇಳುತ್ತದೆ. ಮುನ್ನಾರ್ ಭಾಗದಲ್ಲಿ ಭೂ ಒತ್ತುವರಿ ತೆರವು ಮಾಡಿಸಿ ಹೆಸರು ಗಳಿಸಿದ್ದ ಯುವ ಅಧಿಕಾರಿ. ಐಎಎಸ್‌ಗೆ ಬರುವ ಮೊದಲು ಅವರು ವೈದ್ಯರು. ಇದನ್ನು ನೆನಪಿಟ್ಟುಕೊಳ್ಳಿ.

ಆ ರಾತ್ರಿ ನಡೆದದ್ದೇನು? ಕಾರು ಓಡಿಸುತ್ತಿದ್ದದ್ದು ಜತೆಗಿದ್ದ ಮಹಿಳೆ ಎಂದು ಮೊದಲು ಹೇಳಲಾಯಿತು. ಆ ಮಹಿಳೆಯನ್ನು ಪೊಲೀಸರು ಟ್ಯಾಕ್ಸಿಯಲ್ಲಿ ಮನೆಗೆ ಕಳಿಸಿದರು. ಅಧಿಕಾರಿಯನ್ನು ಸರಕಾರಿ ಜನರಲ್ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಮದ್ಯದ ವಾಸನೆ ಇದೆ ಎಂದು ಚೀಟಿಯಲ್ಲಿ ಬರೆದರು. ಆದರೆ ರಕ್ತ ತೆಗೆಯಿರಿ ಎಂದು ಪೊಲೀಸರು ಕೇಳಲಿಲ್ಲ. ಅಧಿಕಾರಿ ಅಲ್ಲಿಂದ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದರು. ಕೊನೆಗೆ ರಕ್ತದ ಮಾದರಿ ತೆಗೆಯುವಾಗ ಅಪಘಾತವಾಗಿ ಸುಮಾರು ಒಂಬತ್ತು ಗಂಟೆ ಕಳೆದಿತ್ತು. ವರದಿಯಲ್ಲಿ ಮದ್ಯದ ಅಂಶ ಇಲ್ಲ ಎಂದು ಬಂತು.

ಇಲ್ಲ ಎಂದೇ ಬರಬೇಕಲ್ಲವೇ? ದೊಡ್ಡ ವಿಜ್ಞಾನ ಏನೂ ಬೇಡ. ಮನುಷ್ಯನ ದೇಹ ರಕ್ತದಲ್ಲಿರುವ ಮದ್ಯವನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ (100 ಮಿಲಿಲೀಟರ್ ರಕ್ತಕ್ಕೆ) ಕರಗಿಸುತ್ತಾ ಹೋಗುತ್ತದೆ. ಒಂಬತ್ತು ಗಂಟೆಗೆ 135. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಅಂದರೆ ಮಿತಿಯ ನಾಲ್ಕು ಪಟ್ಟು ಕುಡಿದು ಗಾಡಿ ಓಡಿಸಿದವನ ರಕ್ತವೂ ಒಂಬತ್ತು ಗಂಟೆ ಬಿಟ್ಟು ತೆಗೆದರೆ ಶುದ್ಧವಾಗಿಯೇ ಕಾಣುತ್ತದೆ. ಶ್ರೀರಾಮ್ ಅಂದು ಕುಡಿದಿದ್ದರೋ ಇಲ್ಲವೋ ನಾವು ಹೇಳುವುದಿಲ್ಲ, ಅವರು ಆರೋಪ ಒಪ್ಪಿಲ್ಲ, ಅದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಆದರೆ ಕುಡಿದಿರಲಿಲ್ಲ ಎಂದಾದರೂ ಆ ಮೊದಲ ಗಂಟೆಯ ರಕ್ತವೇ ಅವರನ್ನು ಕಾಪಾಡುತ್ತಿತ್ತು. ಈಗ ಅವರ ಬಳಿಯೂ ಆ ಪುರಾವೆ ಇಲ್ಲ, ಬಶೀರ್ ಮಕ್ಕಳ ಬಳಿಯೂ ಇಲ್ಲ.

ಜನರು 'ಕೇಸು ಮುಚ್ಚಿ ಹಾಕಿದರು' ಎಂದಾಗ ಲಂಚ, ಒತ್ತಡ, ಸುಳ್ಳು ಸಾಕ್ಷಿ ಇವೆಲ್ಲ ಕಣ್ಣ ಮುಂದೆ ಬರುತ್ತವೆ. ಕುಡಿದು ವಾಹನ ಓಡಿಸಿದ ಕೇಸಿನಲ್ಲಿ ಅಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. 'ಸಾರ್‌ಗೆ ಪೆಟ್ಟಾಗಿದೆ, ಮೊದಲು ಚಿಕಿತ್ಸೆ ಆಗಲಿ', 'ದೂರು ಕೊಡುವವರು ಬರಲಿ', 'ಮೇಲಿನವರನ್ನು ಕೇಳಿ ಹೇಳುತ್ತೇನೆ'. ಇಂಥ ಮೂರು ಮಾತಿನಲ್ಲಿ ಬೆಳಗಾಗುತ್ತದೆ. ಬಶೀರ್ ಪ್ರಕರಣದಲ್ಲಿ ಪೊಲೀಸರು ಆಮೇಲೆ ನ್ಯಾಯಾಲಯಕ್ಕೆ ಕೊಟ್ಟ ವರದಿಯಲ್ಲಿ, ತಡವಾಗಲು ದೂರು ಕೊಡಬೇಕಾದ ಪತ್ರಿಕೆಯವರೇ ಕಾರಣ ಎಂಬ ಅರ್ಥದಲ್ಲಿ ಬರೆದರು! ಠಾಣೆಯ ಮಗ್ಗುಲಲ್ಲೇ ಮನುಷ್ಯ ಸತ್ತಿದ್ದಾನೆ, ವೈದ್ಯರೇ ವಾಸನೆ ಎಂದು ಬರೆದಿದ್ದಾರೆ, ಆದರೂ ರಕ್ತ ತೆಗೆಯಲು ಸತ್ತವನ ಕಡೆಯವರ ದೂರು ಬೇಕಿತ್ತಂತೆ. ಠಾಣೆಯ ಎಸ್‌ಐ ಒಬ್ಬರನ್ನು ಕರ್ತವ್ಯಲೋಪಕ್ಕಾಗಿ ಅಮಾನತು ಮಾಡಲಾಯಿತು. ಅಮಾನತು ಎಂದರೆ ಸದ್ಯಕ್ಕೆ ಕೆಲಸದಿಂದ ದೂರ ಇರಿಸುವುದು ಅಷ್ಟೇ, ಅದು ಶಿಕ್ಷೆ ಅಲ್ಲ.

ಆ ಒಂಬತ್ತು ಗಂಟೆಗಳ ಬೆಲೆ ಎಷ್ಟು ಎಂಬುದು ವರ್ಷಗಳ ನಂತರ ಗೊತ್ತಾಯಿತು. 2022ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಸೆಷನ್ಸ್ ನ್ಯಾಯಾಲಯ ಕೊಲೆಯಲ್ಲದ ನರಹತ್ಯೆಯ 304ನೇ ಕಲಂ ಕೈಬಿಟ್ಟಿತು. ಉಳಿದದ್ದು ನಿರ್ಲಕ್ಷ್ಯದಿಂದ ಸಾವು, ಅಂದರೆ 304ಎ. ಮೊದಲನೆಯದರಲ್ಲಿ ಹತ್ತು ವರ್ಷದವರೆಗೆ ಸಜೆ, ಎರಡನೆಯದರಲ್ಲಿ ಹೆಚ್ಚೆಂದರೆ ಎರಡು ವರ್ಷ. ರಕ್ತದಲ್ಲಿ ಮದ್ಯ ಸಿಕ್ಕಿಲ್ಲವಲ್ಲ ಎಂಬುದೇ ಅಲ್ಲಿ ಆರೋಪಿಯ ಕಡೆಯವರ ಮುಖ್ಯ ಆಧಾರ. ಸರಕಾರ ಮೇಲ್ಮನವಿ ಹೋಗಿ 2023ರ ಎಪ್ರಿಲ್‌ನಲ್ಲಿ ಕೇರಳ ಹೈಕೋರ್ಟ್ ನರಹತ್ಯೆಯ ಕಲಂ ಮರಳಿ ಸೇರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ನಿರಾಕರಿಸಿತು. ಒಂದು ರಕ್ತ ಪರೀಕ್ಷೆಯಲ್ಲಿ ಮುಗಿಯಬೇಕಾದ ಪ್ರಶ್ನೆ ಮೂರು ನ್ಯಾಯಾಲಯ, ನಾಲ್ಕು ವರ್ಷ ತಿಂದಿತು. ಅದೂ ಏನನ್ನು ವಿಚಾರಣೆ ಮಾಡಬೇಕು ಎಂದು ತೀರ್ಮಾನಿಸಲು ಮಾತ್ರ.

ಈ ನಡುವೆ ಅಧಿಕಾರಿ 2020ರ ಮಾರ್ಚ್‌ನಲ್ಲೇ ಆರೋಗ್ಯ ಇಲಾಖೆಯಲ್ಲಿ ಸೇವೆಗೆ ಮರಳಿದ್ದರು. 2022ರ ಜುಲೈಯಲ್ಲಿ ಆಲಪ್ಪುಳ ಜಿಲ್ಲಾಧಿಕಾರಿಯೂ ಆದರು. ಕೇರಳ ಮುಸ್ಲಿಂ ಜಮಾಅತ್ ಮತ್ತು ಪತ್ರಕರ್ತರು ಬೀದಿಗಿಳಿದ ನಂತರ, ಆಗಸ್ಟ್ 1ಕ್ಕೆ ಅಲ್ಲಿಂದ ಎತ್ತಂಗಡಿ. ಪತ್ರಿಕೆ, ಸಂಘಟನೆ, ಪತ್ರಕರ್ತರ ಯೂನಿಯನ್ ಇಷ್ಟೆಲ್ಲ ಬೆನ್ನಿಗಿದ್ದ ಬಶೀರ್ ಪ್ರಕರಣದ ಗತಿಯೇ ಹೀಗಾದರೆ, ಅಡ್ಯಾರ್‌ನಲ್ಲೋ ಹೊಸಂಗಡಿಯಲ್ಲೋ ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೊರಟವನ ಬೆನ್ನಿಗೆ ಯಾರಿದ್ದಾರೆ?

ಇದು ಕೇರಳದ ಕಥೆ ಮಾತ್ರ ಅಂದುಕೊಳ್ಳಬೇಡಿ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ 17ರ ಹುಡುಗನೊಬ್ಬ ಓಡಿಸಿದ ಪೋರ್ಶೆ ಕಾರು ಇಬ್ಬರು ಯುವ ಇಂಜಿನಿಯರ್‌ಗಳನ್ನು ಬಲಿ ತೆಗೆದುಕೊಂಡಿತು. ಅಲ್ಲಿಯೂ ರಕ್ತ ತೆಗೆಯುವಾಗ ಗಂಟೆಗಳು ಕಳೆದಿದ್ದವು. ಅದೂ ಸಾಲದೆ ಸಸೂನ್ ಸರಕಾರಿ ಆಸ್ಪತ್ರೆಯಲ್ಲಿ ಹುಡುಗನ ರಕ್ತ ಎಸೆದು ಬೇರೆ ರಕ್ತ ಇಟ್ಟ ಆರೋಪದಲ್ಲಿ ವೈದ್ಯರೇ ಬಂಧನಕ್ಕೊಳಗಾದರು. ಮೇಲಿನವರಿಗೆ ಕೂಡಲೇ ತಿಳಿಸದ ಯೆರವಾಡ ಠಾಣೆಯ ಇಬ್ಬರು ಅಧಿಕಾರಿಗಳು ಅಮಾನತಾದರು. ಅದಲುಬದಲು ಬಯಲಾದದ್ದು ಹೇಗೆ ಗೊತ್ತೇ? ಪೊಲೀಸರು ಔಂಧ್‌ನ ಮತ್ತೊಂದು ಆಸ್ಪತ್ರೆಯಲ್ಲಿ ಎರಡನೇ ಮಾದರಿ ತೆಗೆಸಿದ್ದರು. ಎರಡರ ಡಿಎನ್‌ಎ ತಾಳೆಯಾಗಲಿಲ್ಲ. ಇದರಲ್ಲಿ ಕಲಿಯಲು ಬಹಳ ಇದೆ.

ಈಗ ಕಾನೂನಿಗೆ ಬರೋಣ. ಕಾನೂನು ದುರ್ಬಲವಾಗಿದೆ ಎಂಬ ನೆಪ ನಡೆಯುವುದಿಲ್ಲ. ಕುಡಿದು ಓಡಿಸಿದ ಆರೋಪದಲ್ಲಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 202ನೇ ಕಲಂ ಹೇಳುತ್ತದೆ. ಸಕಾರಣವಿಲ್ಲದೆ ಉಸಿರು ಅಥವಾ ರಕ್ತ ಕೊಡಲು ಒಪ್ಪದಿದ್ದರೆ ಅದನ್ನೇ ಅವರ ವಿರುದ್ಧ ಪರಿಗಣಿಸಬಹುದು ಎನ್ನುತ್ತದೆ 205ನೇ ಕಲಂ. ಬಂಧಿತ ಆರೋಪಿಯ ರಕ್ತವನ್ನು ಅವನು ಒಪ್ಪದಿದ್ದರೂ, ಅಗತ್ಯವಿರುವಷ್ಟು ಬಲ ಬಳಸಿ ತೆಗೆಸಲು ಹಿಂದಿನ ಸಿಆರ್‌ಪಿಸಿಯ 53ನೇ ಕಲಂನಲ್ಲಿ ಅವಕಾಶವಿತ್ತು, ಈಗಿನ ಬಿಎನ್‌ಎಸ್‌ಎಸ್‌ನ 51ರಲ್ಲೂ ಇದೆ. ಆದರೆ ಇವೆಲ್ಲ ಶುರುವಾಗುವುದು ಪೊಲೀಸರು ಮನಸ್ಸು ಮಾಡಿದರೆ ಮಾತ್ರ. ಬಂಧಿಸದಿದ್ದರೆ ಎರಡು ಗಂಟೆಯ ಲೆಕ್ಕವೇ ಶುರುವಾಗುವುದಿಲ್ಲ. ರೋಗ ಇರುವುದು ಇಲ್ಲೇ. ಓಡಿಸಿದವ ತನ್ನದೇ ಇಲಾಖೆಯವನಾದರೆ, ನಾಳೆ ತನ್ನ ವರ್ಗಾವಣೆಗೆ ಸಹಿ ಹಾಕುವವನಾದರೆ, ರಾತ್ರಿ ಪಾಳಿಯ ಒಬ್ಬ ಎಸ್‌ಐ ಅಥವಾ ಹೆಡ್ ಕಾನ್‌ಸ್ಟೇಬಲ್ ಎಷ್ಟು ಧೈರ್ಯ ಮಾಡಿಯಾನು? ಅವನೊಬ್ಬನ ಧೈರ್ಯದ ಮೇಲೆ ನ್ಯಾಯ ನಿಲ್ಲಬಾರದು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಸಾವು ಅಥವಾ ಗಂಭೀರ ಗಾಯವಾದ ಪ್ರತಿ ಅಪಘಾತದಲ್ಲೂ, ಚಾಲಕ ಯಾರೇ ಆಗಿರಲಿ, ಆಸ್ಪತ್ರೆ ಬಾಗಿಲು ದಾಟಿದ ಕೂಡಲೇ ರಕ್ತ ತೆಗೆಯಬೇಕೆಂಬ ಆದೇಶವನ್ನು ಗೃಹ ಮತ್ತು ಆರೋಗ್ಯ ಇಲಾಖೆಗಳು ಜಂಟಿಯಾಗಿ ಹೊರಡಿಸಲಿ. ಮಾದರಿ ಎರಡು ಇರಲಿ, ಎರಡೂ ಒಂದೇ ಕಡೆ ಇರುವುದು ಬೇಡ. ಚಾಲಕ ಪೊಲೀಸ್ ಅಥವಾ ಸರಕಾರಿ ಅಧಿಕಾರಿಯಾಗಿದ್ದರೆ ತನಿಖೆ ಅದೇ ಠಾಣೆಯಲ್ಲಿ ಇರಕೂಡದು. ರಕ್ತ ತೆಗೆಯದೆ ಬಿಟ್ಟ ಅಧಿಕಾರಿ ಏಕೆ ಬಿಟ್ಟೆ ಎಂದು ಲಿಖಿತವಾಗಿ ಹೇಳಬೇಕು, ಆ ಪ್ರತಿ ಸತ್ತವರ ಮನೆಗೆ ಬರಬೇಕು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2012ರ ತಿದ್ದುಪಡಿಯಲ್ಲಿ ಕರ್ನಾಟಕಕ್ಕೂ ಪೊಲೀಸ್ ದೂರು ಪ್ರಾಧಿಕಾರ ಬಂತು, ಜಿಲ್ಲಾ ಮಟ್ಟದಲ್ಲೂ. ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿಗೆ ಅದರ ಹೆಸರಾದರೂ ಗೊತ್ತು?

ಇನ್ನು ನಮ್ಮ ಮನೆಯೊಳಗಿನ ಮಾತು. 'ಕುಡಿತ ನಮ್ಮಲ್ಲಿ ಹರಾಮ್, ಇದು ನಮಗೆ ಸಂಬಂಧಿಸಿದ್ದಲ್ಲ' ಎನ್ನುವವರಿದ್ದಾರೆ. ಬಶೀರ್ ಕುಡಿದಿರಲಿಲ್ಲ, ಸತ್ತದ್ದು ಬಶೀರ್. ಮತ್ತೊಂದು, ಅಪಘಾತವಾದ ರಾತ್ರಿ ನಮ್ಮವರು ಮಾಡುವ ಮೊದಲ ಕೆಲಸ ಏನು? ಪೋಸ್ಟ್‌ಮಾರ್ಟಂ ಬೇಗ ಮುಗಿಸಿ, ಆಗದಿದ್ದರೆ ಬೇಡ ಅನ್ನಿ, ಮಯ್ಯತ್ ಬಿಡಿಸಿ ಕೊಡಿ ಎಂದು ಲೀಡರ್‌ಗಳಿಗೆ ಫೋನ್. ದಫನ್ ಬೇಗ ಆಗಬೇಕು, ಅದು ಸರಿ. ಆದರೆ ಹತ್ತು ಜನ ಶವಾಗಾರದ ಬಳಿ ನಿಂತಿರುವಾಗ ಇಬ್ಬರಾದರೂ ಠಾಣೆಗೆ ಹೋಗಿ 'ಚಾಲಕನ ರಕ್ತ ತೆಗೆದಿರಾ, ಎಷ್ಟು ಗಂಟೆಗೆ' ಎಂದು ಕೇಳಬೇಕಲ್ಲವೇ? ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಒಂದು ಕಾಗದದಲ್ಲಿ ಬರೆದು ಕೊಡಿ, ಸಮಯ ಹಾಕಿ, ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದರ ಫೋಟೊವನ್ನು ಆಗಲೇ ಕಮಿಷನರ್ ಅಥವಾ ಎಸ್‌ಪಿ ಕಚೇರಿಗೆ ಇಮೇಲ್ ಮಾಡಿ. ಆ ಸಮಯದ ಮುದ್ರೆಯನ್ನು ನಾಲ್ಕು ವರ್ಷದ ನಂತರವೂ ಯಾರೂ ಅಳಿಸಲಾರರು.

ಮೂರನೇ ದಿನಕ್ಕೆ ಮಧ್ಯಸ್ಥರು ಬರುತ್ತಾರೆ. 'ಹೋದವರು ಹೋದರು, ವಿಧಿ, ಮಕ್ಕಳಿಗೆ ಏನಾದರೂ ಕೊಡಿಸೋಣ' ಎನ್ನುತ್ತಾರೆ. ನಿರ್ಲಕ್ಷ್ಯದ ಸಾವು ರಾಜಿ ಮಾಡಿ ಮುಗಿಸಬಹುದಾದ ಅಪರಾಧವೇ ಅಲ್ಲ. ಪರಿಹಾರಕ್ಕೆ ಮೋಟಾರು ಅಪಘಾತ ಕ್ಲೈಮ್ ನ್ಯಾಯಮಂಡಳಿ ಬೇರೆ ಇದೆ. ಅಲ್ಲಿ ಹಣ ಕೇಳುವುದಕ್ಕೆ ಇಲ್ಲಿ ಕೇಸು ಬಿಡಬೇಕಾಗಿಲ್ಲ. ವಿಧವೆಯಾದ ಹೆಣ್ಣುಮಗಳಿಗೆ ಇದನ್ನು ಯಾರೂ ಹೇಳುವುದಿಲ್ಲ. ಇದ್ದತ್‌ನಲ್ಲಿ ಕೂತವಳ ಮುಂದೆ ಕಾಗದ ಹಿಡಿದು ಸಹಿ ಹಾಕಿಸಿಕೊಳ್ಳುತ್ತಾರೆ.

ಕಹಿಯಾದರೂ ಇನ್ನೊಂದು ಮಾತು ಹೇಳಬೇಕು. ಲೈಸೆನ್ಸ್ ಇಲ್ಲದ ನಮ್ಮ ಹುಡುಗ ಬೈಕ್ ಸಮೇತ ಸಿಕ್ಕಿಬಿದ್ದಾಗ 'ಒಂದು ಕಾಲ್ ಮಾಡಿ, ಬಿಡಿಸಿ' ಎಂದು ಕೌನ್ಸಿಲರ್ ಮನೆ ಬಾಗಿಲು ತಟ್ಟುವವರು ನಾವೇ. ಆ ಕಾಲ್‌ನಿಂದ ಬಿಡುಗಡೆಯಾದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಿರುವನಂತಪುರದ ಆ ರಾತ್ರಿ ಠಾಣೆಯಲ್ಲಿ ಯಾರ ಫೋನ್ ರಿಂಗಾಗಿತ್ತೋ ಗೊತ್ತಿಲ್ಲ. ಫೋನ್ ಬಾರದೆಯೂ ಕೆಲಸ ಆಗುವಷ್ಟು ದೊಡ್ಡ ಹುದ್ದೆ ಅದು. ನಮ್ಮಲ್ಲಿ ಫೋನ್ ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಮುಂದಿನ ಜಮಾಅತ್ ಸಭೆಯಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ಊರಿನ ವಕೀಲರೊಬ್ಬರನ್ನು ಕರೆಸಿ ಠಾಣೆಗೆ ಕೊಡುವ ಆ ಅರ್ಜಿಯ ನಮೂನೆ ಬರೆಸಿ. ಆಂಬುಲೆನ್ಸ್ ಓಡಿಸುವ ಹುಡುಗರ ಮೊಬೈಲ್‌ನಲ್ಲಿ ಅದು ಇರಲಿ, ಜತೆಗೆ ಕಮಿಷನರೇಟ್ ಮತ್ತು ಎಸ್‌ಪಿ ಕಚೇರಿಯ ಇಮೇಲ್ ವಿಳಾಸ. ಅಪಘಾತದ ಜಾಗಕ್ಕೆ ಪೊಲೀಸರಿಗಿಂತ ಮೊದಲು ತಲುಪುವವರು ಆ ಹುಡುಗರೇ.