ಮನೋರೋಗದ ಮಾತ್ರೆ: ಹಳೆಯ ಚೀಟಿಯೇ ಸಾಲದು

ಮಾನಸಿಕ ರೋಗಿಗೆ ಆತನ ಊರಿನ ಸಮೀಪದಲ್ಲೇ ಔಷಧ ದೊರೆಯಬೇಕೆಂಬ ತತ್ವವನ್ನು ದೇಶವು 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೇ ಒಪ್ಪಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವು 1996ರಲ್ಲಿ ಆರಂಭವಾದ ಜಿಲ್ಲಾ ಯೋಜನೆಗೆ ಮಾದರಿಯಾಯಿತು. ಇದರಿಂದ ಬಡವರಿಗೆ ಆದ ಉಪಕಾರ ನಿರ್ವಿವಾದ. ಆದರೆ ಔಷಧ ಹಂಚುವುದು ಬೇರೆ, ಹಂಚಿದ ಔಷಧವನ್ನು ಕಾಲಕಾಲಕ್ಕೆ ಪರಿಶೀಲಿಸುವುದು ಬೇರೆ.

ತಿಂಗಳಿಗೊಮ್ಮೆ ಚಿಕಿತ್ಸಾ ಶಿಬಿರ, ಉದ್ದನೆಯ ಸಾಲು, ವೈದ್ಯರ ಬಳಿ ನಾಲ್ಕು ನಿಮಿಷ. ಇಂತಹಲ್ಲಿ ಹಳೆಯ ಚೀಟಿಯೇ ಮುಂದುವರಿಯುವುದು ಸಹಜ. ಅದರ ಫಲವನ್ನು ನೋಡೋಣ. ಕೈಕಾಲು ನಡುಗದಿರಲೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಲ್ಲರಿಗೂ ಸದಾಕಾಲ ಬೇಕಾದದ್ದಲ್ಲ. ವೃದ್ಧರಲ್ಲಿ ಅದು ಮರೆವು, ಮಲಬದ್ಧತೆ ತರುತ್ತದೆ. ನಿದ್ದೆಗೆಂದು ಕೆಲವೇ ವಾರಗಳಿಗೆ ಕೊಡಬೇಕಾದ ಡಯಾಜೆಪಾಮ್, ಲೋರಾಜೆಪಾಮ್ ವರ್ಷಗಟ್ಟಲೆ ಸಾಗಿದರೆ ಅದೇ ಚಟವಾಗುತ್ತದೆ. ಓಲಾಂಜಪೈನ್ ಸೇವಿಸುವವರ ತೂಕ, ಸಕ್ಕರೆಯನ್ನೂ, ಲಿಥಿಯಂ ಸೇವಿಸುವವರ ರಕ್ತವನ್ನೂ ಪರೀಕ್ಷಿಸುತ್ತಿರಬೇಕು. ಗರ್ಭಿಣಿಯಾಗುವ ವಯಸ್ಸಿನ ಹೆಣ್ಣಿಗೆ ವಾಲ್ಪ್ರೋಯೇಟ್ ಕೊಡುವಾಗ ಶಿಶುವಿಗೆ ಅದರಿಂದಾಗುವ ಅಪಾಯವನ್ನು ಮೊದಲೇ ತಿಳಿಸಬೇಕು.

ನಮ್ಮ ಗಡಿನಾಡಿಗೆ ಇನ್ನೆರಡು ತೊಡಕುಗಳಿವೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಅನೇಕ ಕುಟುಂಬಗಳು ಚಿಕಿತ್ಸೆಗೆ ಮಂಗಳೂರನ್ನು ನಂಬಿವೆ. ಅಲ್ಲಿನ ಚೀಟಿಯಲ್ಲಿ ಕಂಪೆನಿಯ ಹೆಸರು, ಇಲ್ಲಿನ ಸರಕಾರಿ ಔಷಧಾಲಯದಲ್ಲಿ ಮದ್ದಿನ ಮೂಲ ಹೆಸರು. ಎರಡೂ ಒಂದೇ ಎಂದರಿಯದೆ ರೋಗಿಯು ಇಮ್ಮಡಿ ಸೇವಿಸಿದರೆ ಹೊಣೆ ಯಾರದು? 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಒಂದೇ ದಿಕ್ಕನ್ನು ನಂಬಿದವರ ಪಾಡನ್ನು ನಾವೆಲ್ಲ ಕಂಡಿದ್ದೇವೆ.

ಎರಡನೆಯದು ಭಾಷೆ. ಮುರಿದ ಕೈಯನ್ನು ತೋರಿಸಬಹುದು. ಮುರಿದ ಮನಸ್ಸನ್ನು ಮಾತಿನಲ್ಲೇ ಹೇಳಬೇಕು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ತಾಯಿ ತನ್ನ ಸಂಕಟವನ್ನು ಅರೆಬರೆ ಮಲಯಾಳದಲ್ಲಿ ಹೇಳಿದರೆ ವೈದ್ಯರಿಗೆ ತಿಳಿಯುವುದು ನಿದ್ದೆಯಿಲ್ಲವೆಂಬುದಷ್ಟೇ. ಆಗ ಚೀಟಿಯಲ್ಲಿ ಬರೆಯಲ್ಪಡುವುದೂ ನಿದ್ದೆಯ ಮಾತ್ರೆಯೇ.

ಇದು ನಾವು ಬೇಡುವ ಭಿಕ್ಷೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯ 22ನೇ ವಿಧಿಯಂತೆ ರೋಗದ ಸ್ವರೂಪ, ಚಿಕಿತ್ಸೆ, ಔಷಧದ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸತಕ್ಕದ್ದು. ಗಡಿ ತಾಲೂಕುಗಳ ಶಿಬಿರಗಳಿಗೆ ಕನ್ನಡ ಬಲ್ಲ ಸಿಬ್ಬಂದಿ, ಮದ್ದಿನ ಲಕೋಟೆಯ ಮೇಲೆ ಕನ್ನಡದ ಬರಹ, ಆರು ತಿಂಗಳಿಗೊಮ್ಮೆಯಾದರೂ ಪ್ರತಿ ಚೀಟಿಯ ಮರುಪರಿಶೀಲನೆ—ಇವು ದೊಡ್ಡ ವೆಚ್ಚದ ಕಾರ್ಯಗಳಲ್ಲ. ಅಧಿಕೃತರು ಈ ಕಡೆ ಗಮನ ಹರಿಸಬೇಕು.

ಓದುಗರಲ್ಲಿ ನಮ್ಮದೊಂದು ವಿನಂತಿ: ಇದನ್ನು ಓದಿ ಯಾರೂ ಮಾತ್ರೆಯನ್ನು ತಟ್ಟನೆ ನಿಲ್ಲಿಸಕೂಡದು, ರೋಗ ಮರುಕಳಿಸೀತು. ಮನೆಯಲ್ಲಿರುವ ಎಲ್ಲ ಚೀಟಿ, ಎಲ್ಲ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿರಿ. ಯಾವುದು ಏತಕ್ಕೆ, ಎಷ್ಟು ಕಾಲಕ್ಕೆ ಎಂದು ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.