ಅರಿಶಿನದ ಪಟ್ಟಿ ಇಲಿಯ ಬೆನ್ನು ದಾಟಲಿ

ಗಾಯಕ್ಕೆ ಅರಿಶಿನ ಹಚ್ಚುವುದನ್ನೇ ಹೊಸ ಶೋಧವೆಂದು ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ತಕರಾರು ತೆಗೆದು, ಹಳೆಯ ಬರಹಗಳ ಪುರಾವೆ ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬೀಗಿದೆವು, ತಪ್ಪೇನಿಲ್ಲ. ಆದರೆ ಗೆದ್ದ ಅರಿಶಿನ ನಮ್ಮ ಆಸ್ಪತ್ರೆಗಳ ಡ್ರೆಸಿಂಗ್ ಟ್ರೇಗೆ ಬಂತೇ?

ಪ್ರಯೋಗಾಲಯಗಳಲ್ಲಂತೂ ಗಿಡಮೂಲಿಕೆ ಬೆರೆಸಿದ ಗಾಯದ ಪಟ್ಟಿ ತಯಾರಿಸುವ ಕೆಲಸ ಭರದಿಂದ ಸಾಗಿದೆ. ಜೆಲಟಿನ್ ಅಥವಾ ಪಿವಿಎ ಎಂಬ ಪಾಲಿಮರ್‌ನ ದ್ರಾವಣಕ್ಕೆ ಒಂದೆಲಗದ್ದೋ ಲೋಳೆಸರದ್ದೋ ಸಾರ ಬೆರೆಸಿ ಸಿರಿಂಜಿಗೆ ತುಂಬುತ್ತಾರೆ. ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಟ್ಟರೆ ತುದಿಯ ಹನಿ ಶಂಕುವಿನಂತೆ ಚೂಪಾಗಿ, ಎಳೆಯಾಗಿ ಚಿಮ್ಮುತ್ತದೆ. ಹಾರುವಾಗಲೇ ಒಣಗಿ, ಎದುರಿಗಿಟ್ಟ ಅಲ್ಯುಮಿನಿಯಂ ಹಾಳೆಯ ಮೇಲೆ ತೆಳು ಪೊರೆಯಾಗಿ ಕೂರುತ್ತದೆ. ಎಳೆಯ ದಪ್ಪ ಕೆಲವು ನೂರು ನ್ಯಾನೊಮೀಟರ್. ನಮ್ಮ ಕೂದಲಿನದು ಸುಮಾರು 80 ಸಾವಿರ. ಈ ಹೆಣಿಗೆಯಲ್ಲಿ ಗಾಳಿಯಾಡುತ್ತದೆ, ಅದು ರಸಿಕೆ ಹೀರುತ್ತದೆ, ಗಾಯದ ಹಸಿಯನ್ನೂ ಕಾಯುತ್ತದೆ. ಹಸಿ ಯಾಕೆ ಬೇಕೆಂದರೆ, ಒಣಗಿ ಹಕ್ಕಳೆಗಟ್ಟಿದ ಗಾಯಕ್ಕಿಂತ ಪಾಲಿಥಿನ್ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಬ್ಬುತ್ತದೆಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದರು. ನೀರಿನಲ್ಲಿ ಕರಗಲೊಲ್ಲದ ಅರಿಶಿನದ ಕರ್ಕ್ಯುಮಿನ್ ಕೂಡ ಈ ಎಳೆಗಳಿಂದ ನಿಧಾನವಾಗಿ ಬಿಡುಗಡೆಯಾಗುತ್ತದೆ.

ಇಷ್ಟಾದರೂ ಬಹುಪಾಲು ಸಂಶೋಧನಾ ಪ್ರಬಂಧಗಳು ಇಲಿಯ ಬೆನ್ನಿನ ಮೇಲಿನ ಪರೀಕ್ಷೆಗೇ ಬಂದು ನಿಲ್ಲುತ್ತವೆ. ಇಲಿಯ ಗಾಯ ಮುಖ್ಯವಾಗಿ ಸುತ್ತಲ ಚರ್ಮ ಸೆಳೆದುಕೊಂಡು ಮುಚ್ಚಿಕೊಳ್ಳುತ್ತದೆ; ನಮ್ಮದು ಹೊಸ ಅಂಗಾಂಶ ತುಂಬಿ, ಮೇಲೆ ಚರ್ಮ ಹಬ್ಬಿ ಮಾಯಬೇಕು. ಆರೋಗ್ಯವಂತ ಇಲಿಯಲ್ಲಿ ಗೆದ್ದ ಪಟ್ಟಿ, ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಿನಲ್ಲೂ ಗೆಲ್ಲುತ್ತದೆಂಬ ಖಾತ್ರಿಯಿಲ್ಲ. ಗಿಡದ್ದು ಇನ್ನೊಂದು ತಲೆನೋವು. ಮಳೆಗಾಲದ ಒಂದೆಲಗದ ಸತ್ವ ಬೇಸಿಗೆಯದಕ್ಕೆ ಸಮ ಇರುವುದಿಲ್ಲ, ಮಣ್ಣು ಬದಲಾದರೆ ಸಾರವೂ ಬದಲು. ಯಾವ ಅಂಶ ಎಷ್ಟಿದೆ ಎಂದು ಅಳೆಯದೆ ‘ಗಿಡಮೂಲಿಕೆ ಸಾರ’ ಎಂದಷ್ಟೇ ಬರೆದರೆ ಅದು ಔಷಧವಲ್ಲ, ಲೇಬಲ್ಲು. ಕೆಲವು ಪಾಲಿಮರ್‌ಗಳನ್ನು ಕರಗಿಸಲು ಬಳಸುವ ಕ್ಲೋರೋಫಾರಂನಂಥ ವಿಷ ಎಳೆಯಲ್ಲಿ ಉಳಿದಿಲ್ಲವೆಂದೂ ತೋರಿಸಬೇಕು.

ಅನುದಾನ ಕೊಡುವವರು ಇನ್ನೊಂದು ಗಿಡ, ಇನ್ನೊಂದು ಇಲಿ ಎಂಬ ಪ್ರಸ್ತಾವಗಳನ್ನು ಬದಿಗಿಟ್ಟು, ಸಾರದ ಪ್ರಮಾಣೀಕರಣಕ್ಕೂ ಮನುಷ್ಯರ ಮೇಲಿನ ಶಿಸ್ತಿನ ಪರೀಕ್ಷೆಗೂ ಹಣ ಹಾಕಲಿ. ಪಟ್ಟಿಯ ಬೆಲೆ ಎಷ್ಟಾದೀತೆಂದು ಮೊದಲೇ ಕೇಳಲಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು: ಸಕ್ಕರೆ ಕಾಯಿಲೆ ಇದ್ದು ಕಾಲಿನಲ್ಲಿ ಗಾಯವಾದರೆ ಅಡುಗೆಮನೆಯ ಅರಿಶಿನ ಮೆತ್ತಿ ಕಾಯಬೇಡಿ. ಅಂದೇ ವೈದ್ಯರಿಗೆ ತೋರಿಸಿ.