ಅಂಕಿಯಲ್ಲ, ಅಂಶ ತೋರಿಸಿ

ಹೇಮಾವತಿ ಮಲೆನಾಡಿನಿಂದಿಳಿದು ಹರಿಯುವ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹರದನಹಳ್ಳಿಯಿದೆ. ಇದು ರಾಗಿ, ಎಳ್ಳು, ಹುಚ್ಚೆಳ್ಳುಗಳ ಸೀಮೆ. ಎಣ್ಣೆ ಕಮಟದಂತೆ ಕಾಯುವ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟುಗಳು, ಎಳ್ಳಿನಲ್ಲಿವೆ. ರಾಗಿಯ ಹೊರಪದರದಲ್ಲಿ ಪಾಲಿಫೀನಾಲುಗಳಿವೆ. ರೈತನ ಕಾಳಿಗೆ ಈ ಗುಣದ ಲೆಕ್ಕದಲ್ಲಿ ಬೆಲೆ ಸಿಗುವುದಿಲ್ಲ. ಅದೇ ಗುಣವನ್ನು ಗುಳಿಗೆಯಲ್ಲಿ ತುಂಬಿ, ಮೇಲೊಂದು ದೊಡ್ಡ ಅಂಕಿ ಮುದ್ರಿಸಿದರೆ ಪೇಟೆ ಕೈಮುಗಿಯುತ್ತದೆ.

ಆ ಅಂಕಿ ಹುಟ್ಟುವ ಬಗೆಯನ್ನು ನೋಡೋಣ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಸ್ಯಸಾರ ಬೆರೆಸಿ, ಬಣ್ಣ ಎಷ್ಟು ಮಾಸಿತೆಂದು ಅಳೆಯುತ್ತಾರೆ. ಬಣ್ಣವನ್ನು ಮಾಸಿಸಿದವರು ಯಾರೆಂಬುದು ಈ ಪರೀಕ್ಷೆಗೆ ತಿಳಿಯದು. ಅಗ್ಗದ ವಿಟಮಿನ್ ಸಿ ಬೆರೆಸಿದರೂ ಬಣ್ಣ ಮಾಸುತ್ತದೆ. ಕಾರ್ಖಾನೆಯ ಟಿಬಿಎಚ್‌ಕ್ಯೂ ಬೆರೆಸಿದರೂ ಮಾಸುತ್ತದೆ. ಕಲಬೆರಕೆಯಿಂದಲೇ ಏರಬಲ್ಲ ಅಂಕಿಯನ್ನು ಶುದ್ಧತೆಯ ಪ್ರಮಾಣಪತ್ರವೆನ್ನುವುದು ಎಂಥ ನ್ಯಾಯ?

ಪ್ರನಾಳದ ಶಕ್ತಿ ದೇಹದ ಆರೋಗ್ಯವೂ ಅಲ್ಲ. ಅಮೆರಿಕದ ಕೃಷಿ ಇಲಾಖೆ ‘ಒರಾಕ್’ ಅಂಕಿಗಳ ಕೋಷ್ಟಕವನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಕಂಪನಿಗಳು ಅದನ್ನು ದುರ್ಬಳಕೆ ಮಾಡುತ್ತಿದ್ದುದೇ ಒಂದು ಕಾರಣ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಕೊಟ್ಟು ನೋಡಿದ ಪರೀಕ್ಷೆಯ ಫಲ 1994ರಲ್ಲಿ ಪ್ರಕಟವಾಯಿತು: ಶ್ವಾಸಕೋಶದ ಕ್ಯಾನ್ಸರ್ ತಗ್ಗಲಿಲ್ಲ, ಶೇಕಡಾ 18ರಷ್ಟು ಹೆಚ್ಚಿತ್ತು.

ಹಾಗೆಂದು ಅಳತೆಯೇ ಬೇಡವೆನ್ನುವವರು ನಾವಲ್ಲ. ಪ್ರಾಮಾಣಿಕ ಅಳತೆಗೆ ಎಳ್ಳೇ ಸಾಕ್ಷಿ. ವನಸ್ಪತಿಯಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಂತೆ ಎಳ್ಳೆಣ್ಣೆ ಇರಬೇಕೆಂದು ನಮ್ಮ ದೇಶದ ಕಾನೂನು ವಿಧಿಸಿತ್ತು. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ, ಬೌಡೊಯಿನ್ ಪರೀಕ್ಷೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯೂರಾಲ್ ಸೇರಿದೊಡನೆ ಎಳ್ಳಿನ ಸೆಸಮಾಲ್ ಕೆಂಪೇರಿ ಕಳ್ಳನನ್ನು ಹಿಡಿದುಕೊಡುತ್ತಿತ್ತು. ಅಲ್ಲಿ ಅಳೆದದ್ದು ಹೆಸರುಳ್ಳ ಒಂದು ವಸ್ತುವನ್ನು. ಅದು ಕಾದದ್ದು ಬಳಕೆದಾರನನ್ನು. ಇಂದು ಎಚ್‌ಪಿಎಲ್‌ಸಿ ಯಂತ್ರವು ಸೆಸಮಿನ್, ಸೆಸಮೋಲಿನ್, ಟೊಕೋಫೆರಾಲ್‌ಗಳನ್ನು ಬೇರೆಬೇರೆಯಾಗಿ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸಬಲ್ಲದು.

ಇದರಲ್ಲಿ ಕಾಡಿನ ಪ್ರಶ್ನೆಯೂ ಅಡಗಿದೆ. ‘ಸಸ್ಯಸಾರ’ ಎಂಬ ಮುಸುಕಿನ ಹೆಸರು ಸಾಕಾದರೆ, ಯಾವ ಮರದ ತೊಗಟೆ, ಯಾವ ಗಿಡದ ಬೇರು ಗುಳಿಗೆಯೊಳಗೆ ಹೋಯಿತೆಂದು ಕೇಳುವವರಿಲ್ಲ. ಹೆಸರಿಲ್ಲದ ಸರಕಿಗೆ ಹೊಣೆಗಾರನೂ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಚೀಟಿಯ ಮೇಲೆ ಸಸ್ಯದ ಹೆಸರು, ಬಳಸಿದ ಭಾಗ, ಸಂಯುಕ್ತದ ಹೆಸರು ಮತ್ತು ತೂಕವಿರಲಿ. ಅಳೆದ ವಿಧಾನವೂ ತಂಡದ ಸಂಖ್ಯೆಯೂ ಇರಲಿ. ಸಣ್ಣ ಗಾಣದವರು ದುಬಾರಿ ಪರೀಕ್ಷೆಯ ಭಾರಕ್ಕೆ ಕುಸಿಯದಂತೆ ಸರಕಾರಿ ಪ್ರಯೋಗಾಲಯಗಳು ಕೈಗೆಟಕುವ ದರದಲ್ಲಿ ಪರೀಕ್ಷಿಸಿಕೊಡಲಿ. ಗಾಣದೆಣ್ಣೆಗೂ ಸಾವಯವ ಮಳಿಗೆಗೂ ಇದೇ ನಿಯಮ ಅನ್ವಯಿಸಲಿ. ನಮ್ಮವರೆಂಬ ವಿನಾಯಿತಿ ಬೇಡ.

ಓದುಗರು ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಲಿ: ‘ಇದರಲ್ಲಿರುವುದು ಏನು, ಎಷ್ಟು?’ ಉತ್ತರವಿಲ್ಲದ ಡಬ್ಬಿಯನ್ನು ಅಲ್ಲಿಯೇ ಬಿಟ್ಟು, ರಾಗಿಹಿಟ್ಟನ್ನೂ ಹುಚ್ಚೆಳ್ಳಿನ ಚಟ್ನಿಪುಡಿಯನ್ನೂ ಮನೆಗೆ ತರಲಿ.